ಅಂಟಿಹೋದ ರೆಪ್ಪೆ

ಹನ್ನೆರಡನೆಯ ದಿನ ಬೆಳಿಗ್ಗೆ, ಗಡಿಯಾರ ರಿಪೇರಿಯವನ ಕಣ್ಣು ಒರೆಸಲು ಹೋದ ನರ್ಸಮ್ಮ ಕೈ ಹಿಂದಕ್ಕೆಳೆದುಕೊಂಡರು. ರೆಪ್ಪೆ ಬಿಡಲಿಲ್ಲ. ಒಳಗೆ ಗುಡ್ಡೆಗೇ ಅಂಟಿಹೋಗಿತ್ತು — ಎರಡೂ ಕಡೆ.

ಕಣ್ಣಿನ ಡಾಕ್ಟರಮ್ಮ ಓಡಿಬಂದರು. ಫಿಟ್ಸ್ ಮಾತ್ರೆ ಒಗ್ಗದೆ ಮೈಯೆಲ್ಲ ಸುಟ್ಟ ಹಾಗೆ ಸುಲಿದುಹೋಗಿದ್ದ ಆಸಾಮಿ. ಚರ್ಮ ಮಾಯುತ್ತಿತ್ತು, ಜೀವ ಉಳಿದಿತ್ತು. ಮೊದಲ ವಾರದಲ್ಲೇ ಹೆರಿಗೆಯಲ್ಲಿ ಮಗುವಿನ ಸುತ್ತಿನಿಂದ ಸಿಗುವ ತೆಳು ಪೊರೆಯನ್ನು ಕಣ್ಣಿಗೆ ಹೊದಿಸಿದ್ದರೆ ದೃಷ್ಟಿಯೂ ಉಳಿಯುತ್ತಿತ್ತೇನೋ. ಯಾರು ಹೀಗೆ ಮಾಡಿದ್ದು? ಡಾಕ್ಟರಮ್ಮನಿಗೆ ಸಿಟ್ಟು ಬಂತು.

ಮೊದಲು ಹೆಂಡತಿಯನ್ನು ಕೇಳಿದರು. ಆಕೆ ಬಸ್ ಕಂಡಕ್ಟರ್. ಬಾಯಿ ಹುಣ್ಣಾಗಿ ಕಣ್ಣು ಕೆಂಪಾದ ದಿನವೇ ಮಾತ್ರೆ ನಿಲ್ಲಿಸಿ ಕರೆತಂದೆ ಎಂದಳು. ಚರ್ಮದ ಡಾಕ್ಟರು ಎರಡನೆಯ ದಿನವೇ ಕಣ್ಣಿನ ವಿಭಾಗಕ್ಕೆ ಚೀಟಿ ಕಳಿಸಿದ್ದರು. ನರ್ಸಮ್ಮ ಹೊತ್ತುಹೊತ್ತಿಗೆ ಹನಿ ಹಾಕಿದ್ದಕ್ಕೆ ಖಾಲಿ ಬಾಟಲಿಗಳೇ ಸಾಕ್ಷಿ.

ಹಾಗಾದರೆ ಚೀಟಿಗೆ ಉತ್ತರ? ಹಾಳೆ ತಿರುವಿದರು. "ಕಣ್ಣು ನೋಡಿದೆ. ಹನಿ ಮುಂದುವರಿಸಿ. ಹತ್ತು ದಿನ ಬಿಟ್ಟು ನೋಡೋಣ."

ಆ ಅಕ್ಷರದ ಮೇಲೆ ಡಾಕ್ಟರಮ್ಮನ ಬೆರಳು ನಿಂತಿತು. ಆಮೇಲೆ ನರ್ಸಮ್ಮನನ್ನು ಮೆಲ್ಲಗೆ ಕೇಳಿದರು:

"ಅವತ್ತು ಬಂದ ಡಾಕ್ಟರು ಹಳದಿ ಬಣ್ಣದ ಹನಿ ಕೇಳಿದ್ರಾ?"

"ಇಲ್ಲ, ಮೇಡಂ."

"ರೆಪ್ಪೆ ಬಿಡಿಸಿದ್ರಾ?"

ನರ್ಸಮ್ಮ ನೆಲ ನೋಡಿದರು.

"ಹೇಳಿ, ಪರವಾಗಿಲ್ಲ."

"ಮಂಚದ ಹತ್ರ ನಿಂತ್ರು. ಊದಿದೆ, ಮುಟ್ಟಿದ್ರೆ ನರಳ್ತಾರೆ, ಬೇಡ ಅಂದು ಹೋದ್ರು."

ಡಾಕ್ಟರಮ್ಮ ಹೆಂಡತಿಯನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದರು.

"ಕಣ್ಣಿನ ಮೇಲಿನ ಹುಣ್ಣು ಬರಿಗಣ್ಣಿಗೆ ಸರಿಯಾಗಿ ಕಾಣಲ್ಲಮ್ಮ. ಹಳದಿ ಹನಿ ಹಾಕಿ ಬೆಳಕು ಬಿಟ್ರೆ ಹಸಿರಾಗಿ ಹೊಳೆಯುತ್ತೆ. ಆ ಹನಿಯನ್ನ ಅವತ್ತು ಯಾರೂ ಕೇಳಿಲ್ಲ. ಅಂದ್ರೆ ಯಾರೂ ಕಣ್ಣು ನೋಡೇ ಇಲ್ಲ. ನೋಡಿದೆ ಅಂತ ಬರೆದು ಮರೆತವಳು ನಾನು."

ಆಕೆ ಅಳಲಿಲ್ಲ, ಬೈಯಲೂ ಇಲ್ಲ. ಮುಂದೇನು ಎಂದು ಕೇಳಿದಳು. ತುಟಿಯ ಒಳಚರ್ಮ ತೆಗೆದು ರೆಪ್ಪೆಯ ಒಳಬದಿಗೆ ಕಸಿ ಮಾಡಬಹುದು, ಉರಿ ತಗ್ಗಿಸಲು ನೀರು ಹಿಡಿದಿಡುವ ದೊಡ್ಡ ಲೆನ್ಸ್ ಇಡಬಹುದು ಎಂದು ಡಾಕ್ಟರಮ್ಮ ವಿವರಿಸಿದರು.

"ಗಡಿಯಾರದ ಮುಳ್ಳು ಕಾಣುತ್ತಾ?"

"ಇಲ್ಲ. ನೆರಳು ಕಂಡರೆ ಹೆಚ್ಚು."

"ಅಂಗಡಿ ಯಾವಾಗ ತೆಗೆಯೋಣ ಅಂತ ಇವ್ರು ದಿನಾ ಕೇಳ್ತಾರೆ. ಇವತ್ತು ನೀವೇ ಹೇಳಿ."

ಡಾಕ್ಟರಮ್ಮ ಒಳಗೆ ಹೋದರು. ಹೆಜ್ಜೆ ಸದ್ದಿಗೆ ಅವನು, ಕಣ್ಣು ತೋರಿಸಲೆಂದು, ಮುಖ ಮೇಲೆತ್ತಿದ.