ವಾಚು ಹೇಳಿದ ತೊಂಬತ್ತನಾಲ್ಕು

ಕ್ಷಮಿಸಿ ಸ್ವಾಮಿ. ಇದನ್ನು ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ. ಸಂಜೆ ಕಾಲೇಜಿನಲ್ಲಿ ಡಿಪ್ಲೊಮಾ ಮಾಡಿದವನು ನಾನು. ತಪ್ಪಿದ್ದರೆ ತಿದ್ದಿ. ಆದರೆ ನಡುವೆ ತಡೆಯಬೇಡಿ... ತಡೆದರೆ ಮತ್ತೆ ಧೈರ್ಯ ಬರುವುದಿಲ್ಲ.

ಸುಳ್ಳು ಹಿಡಿಯುವುದು ನನ್ನ ಕೆಲಸವಾಗಿತ್ತು. ಮನುಷ್ಯರದ್ದಲ್ಲ, ಯಂತ್ರಗಳದ್ದು.

ಆವತ್ತು ಬೆಳಿಗ್ಗೆ ಹನ್ನೊಂದಕ್ಕೆ ನಾನು ಸಾಯುತ್ತಿದ್ದೆ!

ಹಾಗಂತ ನನ್ನ ಎದೆ ಹೇಳುತ್ತಿತ್ತು. ಮುಖಕ್ಕೆ ಮಾಸ್ಕ್. ಅದರೊಳಗೆ ಬೇಕೆಂದೇ ಆಕ್ಸಿಜನ್ ಕಡಿಮೆ ಮಾಡಿದ ಗಾಳಿ. ಎಡ ಮಣಿಕಟ್ಟಿನಲ್ಲಿ ರಕ್ತದ ಆಕ್ಸಿಜನ್ ತೋರಿಸುವ ವಾಚು. ಬಲಗೈ ಮೇಜಿನ ಮೇಲೆ ಅಂಗಾತ, ಅದರ ಧಮನಿಯಲ್ಲಿ ಸೂಜಿ. ವಾಚಿನ ನಂಬರು, ರಕ್ತದ ನಂಬರು... ಎರಡೂ ತಾಳೆಯಾದರೆ ವಾಚು ಪಾಸು. ನಂಬರು ತೊಂಬತ್ತಕ್ಕಿಂತ ಕೆಳಗಿಳಿದರೆ ಅಪಾಯ.

ಇಷ್ಟು ದಿನ ನಾನು ಫಾರಂ ಹಿಡಿದು ಪಕ್ಕದ ಸ್ಟೂಲಿನಲ್ಲಿ ಕೂರುತ್ತಿದ್ದವನು. ಮಾಸ್ಕಿನೊಳಗೆ ಇದೇ ಮೊದಲು.

"ಸಾಕು ಸರ್, ತೆಗೀರಿ!" ನರ್ಸಮ್ಮ ಕೂಗಿದಳು. ರಕ್ತದ ಯಂತ್ರ ಚೀಟಿ ಉಗುಳಿತು.

"ಎಷ್ಟು?"

"ಎಂಬತ್ಮೂರು. ವಾಚಲ್ಲಿ?"

"ತೊಂಬತ್ತೆರಡು."

ಧಡ್! ಧಡ್!

"ಬಾಗಿಲು ತೆಗಿಯೋ! ಒಳಗೇನ್ ನಡೀತಿದೆ?"

ಟೈ ಸಾಹೇಬ. ಟೈ ಇಲ್ಲದೆ ಅವನನ್ನು ಕಂಡವರಿಲ್ಲ. ಈ ವಾಚಿನ ಪರೀಕ್ಷೆಗೆ ಅವನೇ ಮುಖ್ಯಸ್ಥ. ಸಂಜೆ ಐದಕ್ಕೆ ಫೈಲು ಅನುಮತಿ ಕಚೇರಿಗೆ ಹೋಗಬೇಕು. ಅರವತ್ತೆರಡು ಜನರ ಮೇಲೆ ಪರೀಕ್ಷೆಯಾಗಿದೆ, ಮೈಬಣ್ಣ ಯಾವುದಾದರೂ ವಾಚು ತಪ್ಪುವುದಿಲ್ಲ ಎಂದು ಅದರಲ್ಲಿ ಬರೆದಿದೆ. ಕೆಳಗೆ ನನ್ನ ಸಹಿ.

ಮತ್ತೆ ನಾನೇಕೆ ಮಾಸ್ಕ್ ಹಾಕಿಕೊಂಡೆ? ಅಕ್ಕನಿಗಾಗಿ.

ಅಕ್ಕನ ಶ್ವಾಸಕೋಶ ಕೆಟ್ಟಿದೆ. ಊರಿನ ಆ ತುದಿಯಲ್ಲಿ, ಮೂರನೇ ಮಹಡಿಯಲ್ಲಿ ಅವಳೊಬ್ಬಳೇ. ಈ ತುದಿಯಲ್ಲಿ ನಾನೊಬ್ಬನೇ. ಪರೀಕ್ಷೆಯಲ್ಲಿ ಮಿಕ್ಕಿದ್ದ ಒಂದು ವಾಚನ್ನು ಅವಳಿಗೆ ಕೊಟ್ಟಿದ್ದೆ. ದಿನಾ ಸಂಜೆ ಫೋನು. ಅವಳು ನಂಬರು ಹೇಳುತ್ತಿದ್ದಳು, ನಾನು "ಸರಿ" ಅನ್ನುತ್ತಿದ್ದೆ. ನಮ್ಮ ಸಂಸಾರದ ಮಾತುಕತೆ ಅಷ್ಟೇ.

ಹಿಂದಿನ ಸಂಜೆ "ತೊಂಬತ್ನಾಲ್ಕು" ಅಂದಳು. ಅಷ್ಟು ಹೇಳುವುದಕ್ಕೆ ಎರಡು ಸಲ ಉಸಿರೆಳೆದಳು.

"ಅಕ್ಕಾ, ಆಸ್ಪತ್ರೆಗೆ ಹೋಗು."

"ನೀನೇ ಪಾಸ್ ಮಾಡಿದ ವಾಚು ಕಣೋ... ನಿನ್ ಮಾತು ನಂಬ್ಲಾ, ನಿನ್ ಸಹಿ ನಂಬ್ಲಾ?"

ಅಕ್ಕನದೂ ನನ್ನದೂ ಒಂದೇ ಮೈಬಣ್ಣ. ಅದಕ್ಕೇ ಮಾಸ್ಕು.

ಬಾಗಿಲು ಅದುರುತ್ತಿತ್ತು. ನರ್ಸಮ್ಮ ಸೂಜಿ ತೆಗೆದು ಬ್ಯಾಂಡೇಜ್ ಸುತ್ತಿದಳು. ಬಣ್ಣದ ಪಟ್ಟಿ ತಂದಳು. ವಾಚು ಚರ್ಮದೊಳಗೆ ಬೆಳಕು ಹಾಯಿಸಿ ಓದುತ್ತದೆ. ಚರ್ಮ ಕಪ್ಪಾದಷ್ಟೂ ಓದು ತಪ್ಪಬಹುದು. ಅದಕ್ಕಾಗಿ ಒಂದರಿಂದ ಹತ್ತರವರೆಗೆ ಬಣ್ಣ ಬಳಿದ ಪಟ್ಟಿ; ಒಂದು ಅತಿ ಬಿಳಿ, ಹತ್ತು ಕಡುಗಪ್ಪು. ಬಂದವರ ಚರ್ಮಕ್ಕೆ ಹಿಡಿದು ನೋಡಿ ನಂಬರು ಬರೆಯಬೇಕು.

"ನೀವು ಹಿಡಿಯೋ ಹಾಗೇ ಹಿಡೀತೀನಿ ಸರ್," ಎಂದು ಅಂಗಾತ ಮಲಗಿದ್ದ ನನ್ನ ಬಲಗೈಗೆ ಹಿಡಿದಳು. "ಐದು."

"ನಾನು ಐದಾ? ನಮ್ಮಮ್ಮ ನನ್ನ ಕರಿಯಾ ಅಂತಲೇ ಕರೀತಿದ್ಲು ಕಣಮ್ಮ!"

ಇಬ್ಬರೂ ನಕ್ಕೆವು.

ನಗು ಅರ್ಧಕ್ಕೇ ನಿಂತಿತು.

ಎಡಗೈ ನೋಡಿದೆ. ವಾಚು ಕೂತಿದ್ದ ಹೊರಮೈ. ಪಟ್ಟಿ ಹಿಡಿದೆ. ಒಂಬತ್ತು!

ವಾಚು ಕೂರುವುದು ಕೈಯ ಹೊರಮೈ ಮೇಲೆ. ನಾನು ಬಣ್ಣ ನೋಡಿದ್ದು ಒಳಮೈಯಲ್ಲಿ. ಸೂಜಿಗೆಂದು ಎಲ್ಲರೂ ಕೈ ಅಂಗಾತ ಚಾಚುತ್ತಿದ್ದರು... ಅದೇ ಕೈಗೆ ಪಟ್ಟಿ ಹಿಡಿದುಬಿಟ್ಟೆ. ಅರವತ್ತೆರಡು ಸಲ! ಕಪ್ಪು ಕೈಗಳ ತಪ್ಪು ಓದು ನಡುಬಣ್ಣದ ಗುಂಪಿನಲ್ಲಿ ಕರಗಿಹೋಗಿತ್ತು.

ಚಿಲಕ ಕಿತ್ತುಬಂತು. ಟೈ, ಅವನ ಹಿಂದೆ ಸೆಕ್ಯೂರಿಟಿ.

"ಚೀಟಿ ಕೊಡು."

"ಬಣ್ಣ ಎಲ್ಲಾ ತಪ್ಪು ಸರ್. ನಮ್ಮಕ್ಕನ ಕೈಲಿ ಇದೇ ವಾಚಿದೆ."

"ಫಾರಂ ತುಂಬಿದ್ದು ಯಾರು? ನೀನು! ಮುಳುಗಿದ್ರೆ ಮೊದಲು ನೀನೇ ಮುಳುಗೋದು."

"ಗೊತ್ತು ಸರ್. ನಂಗೆ ಈಜೂ ಬರಲ್ಲ."

ಸೆಕ್ಯೂರಿಟಿಯವನು ನನ್ನ ಬಲಗೈ ಹಿಡಿದ.

"ಅಯ್ಯಯ್ಯೋ, ಸೂಜಿ ತೆಗೆದ ಕೈ! ರಕ್ತ ಚಿಮ್ಮುತ್ತೆ ನೋಡು!" ನರ್ಸಮ್ಮ ಚೀರಿದಳು.

ಅವನು ಹಾವು ಮುಟ್ಟಿದವನಂತೆ ಕೈಬಿಟ್ಟ.

ಚೀಟಿ ಹಿಡಿದು ಓಡಿದೆ! ಮೆಟ್ಟಿಲು... ಗೇಟು... ಟ್ಯಾಕ್ಸಿ. ಅಕ್ಕನಿಗೆ ಫೋನು ಮಾಡಿದೆ. ರಿಂಗಾಯಿತು. ಎತ್ತಲಿಲ್ಲ. ಮತ್ತೆ ಮತ್ತೆ ಮಾಡುತ್ತಲೇ ಇದ್ದೆ. ಹಿಂದೆ ಬಿಳಿ ಕಾರು, ಅದರ ಗಾಜಿನಲ್ಲಿ ಟೈ. ಸಿಗ್ನಲ್ಲಿನಲ್ಲಿ ಇಳಿದು ಗಲ್ಲಿಗೆ ನುಗ್ಗಿದೆ. ಕಾರು ಹೊರಗೇ ಹಾರ್ನ್ ಹೊಡೆಯುತ್ತಾ ಉಳಿಯಿತು.

ಮೂರು ಮಹಡಿ. ಬಾಗಿಲು ಬರೀ ಮುಂದೆ ಮಾಡಿತ್ತು. ಕಿಟಕಿಯ ಬಳಿ ಸ್ಟೂಲಿನಲ್ಲಿ ಅಕ್ಕ, ತೊಡೆಯ ಮೇಲೆ ಬಡಿದುಕೊಳ್ಳುತ್ತಿದ್ದ ಫೋನು. ತುಟಿ ನೀಲಿ.

"ಬಂದ್ಯಾ..." ವಾಚು ತೋರಿಸಿದಳು. "ತೊಂಬತ್... ನಾಲ್ಕು."

ಅವಳ ಕೈ ಹಿಡಿದು ಮಗುಚಿದೆ. ಒಳಗೊಂದು ಬಣ್ಣ. ಹೊರಗೊಂದು ಬಣ್ಣ.

"ಏನೋ... ಭವಿಷ್ಯ ಹೇಳ್ತೀಯಾ?"

"ಹ್ಞೂಂ ಅಕ್ಕಾ. ಪ್ರಯಾಣ ಇದೆ. ಈಗಲೇ."

ಬೆನ್ನ ಮೇಲೆ ಹೊತ್ತು ಇಳಿದೆ. ತೂಕವೇ ಇರಲಿಲ್ಲ. ಎಷ್ಟು ವರ್ಷವಾಗಿತ್ತೋ ನಾವು ಅಷ್ಟು ಹತ್ತಿರ ಬಂದು!

ಆಸ್ಪತ್ರೆಯಲ್ಲಿ ರಕ್ತ ತೆಗೆದರು. ಎಂಬತ್ತನಾಲ್ಕು. ಅಕ್ಕನ ಮೂಗಿಗೆ ಆಕ್ಸಿಜನ್ ಕೊಳವೆ ಹಾಕಿದರು. ನಾನು ಬೆಂಚಿನಲ್ಲಿ ಕೂತು ಅನುಮತಿ ಕಚೇರಿಗೆ ಪತ್ರ ಬರೆದೆ. ತಪ್ಪು ನನ್ನದು ಎಂದೇ ಶುರು ಮಾಡಿದೆ. ಚೀಟಿಯ ಫೋಟೊ ಸೇರಿಸಿ ಕಳಿಸಿದಾಗ ಗಡಿಯಾರದಲ್ಲಿ ಐದಕ್ಕೆ ಎರಡು ನಿಮಿಷ.

ಕೆಲಸ ಹೋಯಿತು. ಅಕ್ಕ ಉಳಿದಳು. ಈಗಲೂ ಸಂಜೆ ಫೋನು ಮಾಡುತ್ತೇನೆ. ನಂಬರು ಕೇಳುವುದಿಲ್ಲ, ಉಸಿರು ಕೇಳಿಸಿಕೊಳ್ಳುತ್ತೇನೆ.

ಪತ್ರವನ್ನು ಯಾರಾದರೂ ಓದಿದರೋ ಇಲ್ಲವೋ ಗೊತ್ತಿಲ್ಲ. ಉತ್ತರ ಬಂದಿಲ್ಲ.

ಆ ವರ್ಷ ನಾನು ಹಿಡಿದದ್ದು ಅರವತ್ತೆರಡು ಕೈ ಸ್ವಾಮಿ. ಅಕ್ಕನದು ಬಿಟ್ಟರೆ ಬೇರೆ ಯಾರ ಕೈಯನ್ನೂ ಹಿಡಿದವನಲ್ಲ. ಆ ಅರವತ್ತೆರಡರಲ್ಲಿ ಎಷ್ಟು ಕೈ ಹೊರಗೆ ಕಪ್ಪಗಿದ್ದವು?

ಗೊತ್ತಿಲ್ಲ. ಒಂದನ್ನಾದರೂ ಮಗುಚಿ ನೋಡಿದ್ದರೆ ತಾನೇ!