ಚಿಕ್ಕದಕ್ಕೇ ಹೂ ಕೇಳಿದವಳು

ಮಾರಮ್ಮನ ಬಲಗಡೆಯಿಂದ ಹೂ ಬಿತ್ತು.

"ಒಪ್ಗೆ ಆಯ್ತು ಕಣವ್ವ," ಎಂದು ಪೂಜಾರಿ ಮಾರಯ್ಯ ಸೇವಂತಿಗೆಯನ್ನು ನನ್ನ ಕೈಗೆ ಹಾಕಿದರು. ನಮ್ಮ ಮನೆಯಲ್ಲಿ ಮದುವೆಯಿರಲಿ, ಬೋರ್‌ವೆಲ್ ಇರಲಿ, ಹೂ ಕೇಳದೆ ಮುಂದುವರಿಯುವುದಿಲ್ಲ. ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಬೇಡ.

ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ.

ಹೊರಗೆ ಜಗಲಿಯ ಮೇಲೆ ಶಾಂತರಾಜು ಕೂತಿದ್ದ. ಕೊಳ್ಳೇಗಾಲದ ಸಂಜೆ ಕಾಲೇಜಿನಲ್ಲಿ ನನ್ನ ಹಿಂದಿನ ಬೆಂಚಿನವನು. ಹಗಲು ಮೋಟಾರ್ ರಿಪೇರಿ, ಸಂಜೆ ಬಿ.ಕಾಂ. ಬೆರಳ ಸಂದಿಯಲ್ಲಿ ಗ್ರೀಸ್ ಇದ್ದರೂ ಶರ್ಟು ಮಾತ್ರ ಇಸ್ತ್ರಿಯದು. ನನ್ನನ್ನು ನೋಡಿ ಎದ್ದ, ಕೂತ, ಮತ್ತೆ ಎದ್ದ.

"ಏನ್ ಕೇಳ್ದೆ ರೂಪ?"

"ರೇಷ್ಮೆ ಸೀರೆ ಕಂಪನಿಗೆ ಅರ್ಜಿ ಹಾಕೋಕೆ ನಾಳೆನೇ ಕೊನೆ. ಬಿಲ್ಲಿಂಗ್ ಕ್ಲರ್ಕ್‌ಗೆ ಹಾಕ್ಲಾ ಅಂತ ಕೇಳ್ದೆ. ಹೂಂ ಅಂದ್ಲು."

"ಅಕೌಂಟೆಂಟ್ ಪೋಸ್ಟು?"

"ಅದನ್ನ ಕೇಳ್ಲಿಲ್ಲ."

"ಅದ್ಯಾಕೆ?"

"ಎಡಕ್ಕೆ ಬಿದ್ಬುಟ್ರೆ?"

ಅವನ ನಗು ಮೊದಲು ಕಣ್ಣಿಗೆ ಬರುತ್ತದೆ, ತುಟಿಗೆ ತಡವಾಗಿ ತಲುಪುತ್ತದೆ. ಅಷ್ಟರಲ್ಲಿ ನಾನು ನೆಲ ನೋಡಿಬಿಟ್ಟಿರುತ್ತೇನೆ.

"ಇಡ್ಲಿ ಕೊಡಿ ಅಂದ್ರೆ ಇಡ್ಲಿನೇ ಕೊಡ್ತಾರೆ. ದೋಸೆ ಇತ್ತಾ ಅಂತ ಯಾರಿಗ್ ಗೊತ್ತು?"

"ತಮಾಷೆ ಮಾಡ್ಬೇಡಿ. ಒಬ್ರು ಒಂದೇ ಪೋಸ್ಟಿಗೆ ಹಾಕ್ಬೋದು. ದೊಡ್ಡದು ಸಿಗ್ದೆ ಇದ್ರೆ ಚಿಕ್ಕದೂ ಓಯ್ತದೆ. ಅನುಭವ ಇರೋರಿಗೆ ಆದ್ಯತೆ ಅಂತ ಬೇರೆ ಹಾಕವ್ರೆ."

"ಆದ್ಯತೆ ಅಂದವ್ರೆ. ಇಲ್ದೋರು ಬರ್ಬ್ಯಾಡಿ ಅಂದವ್ರಾ? ಬ್ಯಾಲೆನ್ಸ್ ಶೀಟು ಕೂಡ್ದೆ ಇಡೀ ಕ್ಲಾಸು ಒದ್ದಾಡ್ವಾಗ ಬೋರ್ಡ್ ತಾವ ಎದ್ದೋಗಿ ಲೆಕ್ಕ ಮಾಡ್ದೋಳು ಯಾರು?"

"ಆಗ ನನ್ ಕೈ ನಡುಗ್ತಿತ್ತು."

"ನಡುಗ್ಲಿ ಬುಡು. ಲೆಕ್ಕ ಕೂಡ್ತಲ್ಲ."

ನನಗೆ ಅದೇನಾಯಿತೋ, ಒಳಗೆ ಹೋಗಿ ಇನ್ನೊಂದು ಹೂ ಕೇಳಿದೆ. ಮಾರಯ್ಯ ತಲೆಯಾಡಿಸಿದರು.

"ಒಬ್ರಿಗೆ ದಿನುಕ್ಕೊಂದೇ ಊವು. ಅಮ್ಮನ್ನ ಗೋಳು ಉಯ್ಕಬ್ಯಾಡ ಕಣವ್ವ. ಏ ಶಾಂತರಾಜು, ಆಗ್ಲಿಂದ ಕೂತಿದ್ದೀಯಲ್ಲ, ಬಾರ್ಲಾ, ನಿಂದೇನು?"

"ನನ್ನ ಸರದಿ ರೂಪಂಗೆ ಕೊಡ್ತೀನಿ."

"ಅದೇನ್ ಬಸ್ ಸೀಟೇನ್ಲಾ? ನಿನ್ ಮನ್ಸಲ್ಲಿರೋದ್ನ ನೀನೇ ಕೇಳು."

ಶಾಂತರಾಜುವಿನ ಕಿವಿ ಕೆಂಪಾಯಿತು. "ಉತ್ರ ಕೊಡ್ಬೇಕಾದೋಳು ಇಲ್ಲೇ ಅವ್ಳೆ. ಅವ್ಳನ್ನೇ ಕೇಳ್ತೀನಿ ಬುಡಿ."

"ಅಮ್ಮ ಚಿಕ್ಕದಕ್ಕೆ ಒಪ್ಪಿದ್ಲಲ್ಲ," ಎಂದೆ ನಾನು ಮಾರಯ್ಯನಿಗೆ, ಮಾತು ಬೇರೆ ಕಡೆ ತಿರುಗಿಸಲು. "ದೊಡ್ಡದಕ್ಕೆ ಹಾಕಿದ್ರೆ ಮುನಿಸ್ಕೊತಾಳಾ?"

"ಕೇಳಿದ್ದುಕ್ಕೆ ಊಂ ಅಂದವ್ಳೆ. ಕೇಳ್ದೆ ಇರದ್ನ ಬ್ಯಾಡ ಅಂದಿಲ್ವಲ್ಲ," ಎಂದು ಅವರು ಎಣ್ಣೆ ತರುವ ನೆಪದಲ್ಲಿ ಹಿಂದಕ್ಕೆ ಹೋದರು.

ಇಬ್ಬರೂ ಮೆಟ್ಟಿಲಿಗೆ ಬಂದೆವು. "ಏನ್ ಕೇಳೋಕೆ ಬಂದಿದ್ರಿ?"

"ನಿನ್ನ ಕಾಫಿಗೆ ಕರೀಲಾ ಅಂತ."

"ಬರೀ ಕಾಫಿಗಾ? ನನ್ನ ಅಕೌಂಟೆಂಟ್‌ಗೆ ಹಾಕು ಅನ್ನೋರು, ನೀವು ಕಾಫಿಗೆ ಅರ್ಜಿ ಹಾಕ್ತಿದ್ದೀರಾ?"

ಇದನ್ನು ಹೇಳಿದ್ದು ನಾನೇ ಎಂದು ನಂಬಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

"ದೊಡ್ಡದು ಕೇಳಿ, ಇಲ್ಲ ಅಂದ್ಬುಟ್ರೆ ಅಂತ ಭಯ," ಎಂದ.

ನನ್ನದೇ ಭಯ. ಅವನ ಬಾಯಲ್ಲಿ ಕೇಳಿದಾಗ ಅದೆಷ್ಟು ಪುಟ್ಟದಾಗಿತ್ತು!

ಮೊಬೈಲ್ ತೆಗೆದೆ. ಅಕೌಂಟೆಂಟ್ ಎಂದು ಆರಿಸಿ, ಹೆಸರಿನ ಸ್ಪೆಲ್ಲಿಂಗನ್ನು ಎರಡು ಸಲ ನೋಡಿ, ಅರ್ಜಿ ಕಳಿಸಿಬಿಟ್ಟೆ. ತಲೆ ಮೇಲಿನ ಹುಲ್ಲಿನ ಹೊರೆ ಇಳಿಸಿದಂತಾಯಿತು. ಇಷ್ಟು ದಿನ ನನಗೆ ನಾನೇ 'ಇಲ್ಲ' ಎಂದು ಹೇಳಿಕೊಳ್ಳುತ್ತಿದ್ದೆ. ಇನ್ನು ಇಲ್ಲ ಅನ್ನೋದಿದ್ದರೆ ಕಂಪನಿಯವರೇ ಅನ್ನಲಿ.

"ನಂದಾಯ್ತು. ಈಗ ನಿಮ್ದು. ದೊಡ್ಡದನ್ನೇ ಕೇಳಿ."

ಅವನು ಶರ್ಟಿನ ಕಾಲರ್ ಸರಿಮಾಡಿಕೊಂಡ. "ನನ್ನ ಮದ್ವೆ ಆಯ್ತೀಯಾ ರೂಪ?"

"ಭಾನುವಾರ ಅಪ್ಪ ಮನೇಲಿರ್ತಾರೆ," ಎಂದೆ. "ಬೆಳಿಗ್ಗೇನೇ ಬನ್ನಿ. ಮಧ್ಯಾಹ್ನದವರೆಗೆ ಕಾಯೋಕೆ ನನ್ ಕೈಲಾಗಲ್ಲ."