ಮಗ್ಗ ನಿಂತಾಗ

ಮುರಿಗೆಪ್ಪನ ಕಿವಿಯ ಹಿಂದೆ ಅಂಟಿಸಿದ್ದ ಚಟಸೂಚಿ ಟಿಣ್ ಎಂದಿತು. ಅಷ್ಟರಲ್ಲಿ ಅವನ ಕೈ ತಂಬಾಕಿನ ಚೀಲದೊಳಗೆ ಹೋಗಿಯೇ ಬಿಟ್ಟಿತ್ತು.

"ನೋಡ್ರಿ ಡಾಕ್ಟರವ್ವ, ನನ್ನ ಕೈ ನನ್ನ ಮಾತ ಕೇಳೂದಿಲ್ಲ," ಎಂದು ಪೆಚ್ಚುಪೆಚ್ಚಾಗಿ ನಕ್ಕ.

ನಗುವ ಹೊತ್ತಲ್ಲ ಅದು. 2071ರಲ್ಲೂ ಇಳಕಲ್ಲಿನಲ್ಲಿ ಕೈಮಗ್ಗ ಉಳಿದಿತ್ತು, ಹಾಳು ತಂಬಾಕೂ ಉಳಿದಿತ್ತು. ನೇಕಾರ ಮುರಿಗೆಪ್ಪನ ಕೆನ್ನೆಯೊಳಗೆ ಬಿಳಿ ಮಚ್ಚೆ ಮೂಡಿತ್ತು. ಮೂರು ತಿಂಗಳಲ್ಲಿ ತಂಬಾಕು ಬಿಡದಿದ್ದರೆ ಕೆನ್ನೆಯನ್ನೇ ಕೊಯ್ಯಬೇಕಾದೀತು ಎಂದು ಆಸ್ಪತ್ರೆಯವರು ಹೆದರಿಸಿದ್ದರು.

ಚಟಸೂಚಿಯನ್ನು ಕಂಡುಹಿಡಿದವಳು ಡಾ. ಇಂದುಮತಿ ಹೂಲಿ. ಚಟದ ನರಜಾಡು ಮೆದುಳಿನಲ್ಲಿ ಯಾವ ಗಳಿಗೆಗೆ ಎಚ್ಚರಗೊಳ್ಳುತ್ತದೆ ಎಂಬುದನ್ನು ಅದು ಗುರುತಿಟ್ಟುಕೊಳ್ಳುತ್ತಿತ್ತು. ತಿಂಗಳ ದಾಖಲೆ ನೋಡಿ ಇಂದುಮತಿ ತಲೆ ಕೆರೆದುಕೊಂಡಳು. ದಿನಕ್ಕೆ ನಲವತ್ತು ಸಲ ಟಿಣ್ ಎನ್ನುತ್ತಿದ್ದ ಯಂತ್ರ ಒಂದು ದಿನವಿಡೀ ಬಾಯಿ ಮುಚ್ಚಿಕೊಂಡಿತ್ತು.

"ಅವತ್ತ ಏನಾಗಿತ್ರಿ?"

"ಅಮಾಸಿ ಅಲ್ರಿ! ಅಮಾಸಿಗೆ ನಾವು ಮಗ್ಗ ಮುಟ್ಟೂದಿಲ್ಲ."

ಇಂದುಮತಿಗೆ ಥಟ್ಟನೆ ಹೊಳೆಯಿತು. ಚಟವನ್ನು ಎಬ್ಬಿಸುತ್ತಿದ್ದುದು ನಾಲಿಗೆಯಲ್ಲ, ಓಡುವ ಮಗ್ಗ ನಿಲ್ಲುವ ಕ್ಷಣ! ಎಳೆ ಹರಿದರೆ, ಲಾಳಿಯ ನೂಲು ಮುಗಿದರೆ ಮಗ್ಗ ನಿಲ್ಲುತ್ತದೆ. ಖಾಲಿಯಾದ ಕೈ ಚೀಲಕ್ಕೆ ಹೋಗುತ್ತದೆ. ಅಮಾವಾಸ್ಯೆಗೆ ಮಗ್ಗ ಓಡುವುದೇ ಇಲ್ಲ, ಹಾಗಾಗಿ ನಿಲ್ಲುವುದೂ ಇಲ್ಲ.

"ಹಳೇ ಜಾಡು ಅಳಸಾಕ ಬರೂದಿಲ್ಲ, ಮುರಿಗೆಪ್ಪಾರ. ಅದರ ಬಾಜೂಕ ಹೊಸಾದು ಹಾಕಬೇಕು. ಮಗ್ಗ ನಿಂತಾಗ ಬಾಯಿಗೆ ಬ್ಯಾರೆ ಕೆಲಸ ಕೊಡ್ರಿ. ಮಾತಾಡ್ರಿ."

"ಯಾರ ಕೂಡರಿ?"

ಪಕ್ಕದಲ್ಲೇ ರಾಟೆಯ ಮುಂದೆ ಕುಳಿತು ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದ ಹೆಂಡತಿ ಗೌರವ್ವ ತಲೆಯೆತ್ತಿದಳು. ತಂಬಾಕು ತುಂಬಿದ ಆ ಬಾಯಿಂದ ಮೂವತ್ತು ವರ್ಷ ಅವಳು ಕೇಳಿದ್ದು ಬರೀ 'ಹ್ಞೂಂ', 'ಹ್ಞಾಂ'.

ಮೊದಮೊದಲು ಮುರಿಗೆಪ್ಪ ತಡವರಿಸಿದ. ವಿಷಯ ಸಿಗದೆ ಎರಡು ದಿನ ಬದನೆಕಾಯಿ ಪಲ್ಯದ ಬಗ್ಗೆಯೇ ಮಾತಾಡಿದ. ಆಮೇಲೆ ಮದುವೆಯ ದಿನ ತಾನು ನಡುಗಿದ್ದನ್ನು ಹೇಳಿದ. ಗೌರವ್ವ ಬಿದ್ದುಬಿದ್ದು ನಕ್ಕಳು. ಮೂರನೆಯ ತಿಂಗಳಿಗೆ ಟಿಣ್ ಎಂದರೂ ಕೈ ಚೀಲವನ್ನು ಹುಡುಕುತ್ತಿರಲಿಲ್ಲ. ಮಚ್ಚೆ ಮಾಸಿತು. ಕೆನ್ನೆ ಉಳಿಯಿತು. ಇಂದುಮತಿಗೆ ಸ್ವರ್ಗ ಮೂರೇ ಗೇಣು.

ಆದರೆ ಆ ಟಿಣ್ ದಿನಕ್ಕೆ ಎಂಬತ್ತು ಸಲಕ್ಕೇರಿತ್ತು! ಮಗ್ಗ ಯಾಕಿಷ್ಟು ನಿಲ್ಲುತ್ತಿದೆ ಎಂದು ಗಾಬರಿಯಿಂದ ಓಡಿಬಂದವಳು ರಾಟೆಯ ಪಕ್ಕದ ಕಂಡಿಕೆ ಬುಟ್ಟಿಯೊಳಗೆ ಇಣುಕಿದಳು. ಗೌರವ್ವ ಒಂದೊಂದು ಕಂಡಿಕೆಗೂ ಅರ್ಧದಷ್ಟೇ ನೂಲು ಸುತ್ತಿದ್ದಳು. ನೂಲು ಬೇಗ ಮುಗಿದರೆ ಮಗ್ಗವೂ ಬೇಗ ನಿಲ್ಲುತ್ತದೆ.

ಇಂದುಮತಿ ಮುರಿಗೆಪ್ಪನ ಕಿವಿಯಲ್ಲಿ ಮೆಲ್ಲಗೆ ವಿಷಯ ಹೇಳಿದಳು.

"ತಿಂಗಳಿಂದ ಗೊತ್ತೈತ್ರಿ," ಎಂದು ಅವನೂ ಪಿಸುಗುಟ್ಟಿದ. "ಮೂವತ್ತ ವರ್ಷದ ಮಾತು ಉಳದಾವ. ಸುತ್ತಲಿ ಬಿಡ್ರಿ."

ಅಷ್ಟರಲ್ಲಿ ನೂಲು ಮುಗಿದು ಮಗ್ಗ ನಿಂತಿತು. ಗಂಡ ಹೆಂಡತಿ ಮಾತಿಗೆ ಕುಳಿತರು. ವಿಜ್ಞಾನಿಯನ್ನು ಕೇಳುವವರೇ ಇರಲಿಲ್ಲ.